ಬೆಣೆಯಷ್ಟು ಎಲುಬು

ಅವ್ವ ಕಚ್ಚೆ ಸೀರೆ ಉಟ್ಟು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಳೆಂದರೆ ಅವಳ ಎರಡು ಮೊಣಕಾಲುಗಳ ನಡುವಿನ ಸಂದಿಯಲ್ಲಿ ನಮ್ಮ ಮನೆಯ ಬೆಕ್ಕು ಆರಾಮಾಗಿ ದಾಟಿ ಹೋಗುತ್ತಿತ್ತು. ಓಣಿಯ ಹೆಂಗಸರು ಇದನ್ನು ನೋಡಿ ನಗುತ್ತಿದ್ದರು. ಅವ್ವನೂ ನಗುತ್ತಿದ್ದಳು. ನನಗೆ ಮಾತ್ರ ನಗು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಆಗುತ್ತಿರಲಿಲ್ಲ. ಬೆಕ್ಕಿನ ಮೇಲೆಯೇ ಇರಬೇಕು, ಒಮ್ಮೆ ಅದರತ್ತ ತಟ್ಟೆ ಬೀಸಿ ಒಗೆದಿದ್ದೆ.

ನಮ್ಮದು ನಿಪ್ಪಾಣಿಯ ಹತ್ತಿರದ ಅಕ್ಕೋಳ. ಅವ್ವ ಬೀಡಿ ಕಟ್ಟುತ್ತಿದ್ದಳು, ಅಪ್ಪ ಬಡಿಗ. ನಾನು ಒಬ್ಬಳೇ ಮಗಳು. ಎಂಬತ್ತರ ದಶಕದ ನಡುವಿನ ಆ ವರ್ಷ ಚಿಕ್ಕೋಡಿಯಲ್ಲಿ ಪಿಯುಸಿ ಮುಗಿಸಿ, ಶಿಕ್ಷಕಿಯ ತರಬೇತಿಗೆ ಸೀಟು ಸಿಗುವುದನ್ನೇ ಕಾಯುತ್ತಾ ಮನೆಯಲ್ಲಿದ್ದೆ. ವಿಜ್ಞಾನ ಓದಿದವಳೆಂಬ ಜಂಬ ಸಾಕಷ್ಟಿತ್ತು. ಅವ್ವನ ಎದುರು ಕೂತು ಬೀಡಿಗೆ ದಾರ ಸುತ್ತುತ್ತಾ ಅವಳಿಗೆ ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಎಂದು ಹೇಳುತ್ತಿದ್ದೆ. ಅವಳು, "ನಮ್ಮ ಮನಿಗಿಂತ ಒಂದ ಖೋಲಿ ಜಾಸ್ತಿ ಐತಿ ಬಿಡು," ಎನ್ನುತ್ತಿದ್ದಳು.

ಕಟ್ಟಿದ ಬೀಡಿಯನ್ನು ಬುಟ್ಟಿಯಲ್ಲಿಟ್ಟು ಓಣಿಯ ಏಳೆಂಟು ಹೆಂಗಸರು ಕೂಡಿ ನಿಪ್ಪಾಣಿಗೆ ನಡೆದು ಹೋಗುತ್ತಿದ್ದರು. ಬಸ್ಸು ಇರಲಿಲ್ಲವೆಂದಲ್ಲ. ಆ ನಡಿಗೆಯೇ ಅವರಿಗೆ ಬೇಕಾಗಿತ್ತು. ಮನೆಯಲ್ಲಿ ಆಡಲಾಗದ ಮಾತು, ಬೈಗುಳ, ನಗು ಎಲ್ಲ ಆ ದಾರಿಯಲ್ಲೇ ಆಗಬೇಕು. ಅವ್ವ ಆ ಗುಂಪಿನ ಮುಂದಾಳು. ಅವಳ ಗಂಟಲು ದೊಡ್ಡದು, ಅವಳು ನಕ್ಕರೆ ಕಬ್ಬಿನ ಗದ್ದೆಯಲ್ಲಿ ಕೆಲಸ ಮಾಡುವವರು ತಲೆ ಎತ್ತಿ ನೋಡುತ್ತಿದ್ದರು. ಮೊಣಕಾಲು ಕೆಟ್ಟ ಮೇಲೆ ಅವಳು ಮೊದಲು ಗುಂಪಿನ ಹಿಂದೆ ಬಿದ್ದಳು. ಆಮೇಲೆ ಅರ್ಧ ದಾರಿಯಲ್ಲಿ ಕೂರತೊಡಗಿದಳು. ಕೊನೆಗೆ ಅವಳ ಬುಟ್ಟಿಯನ್ನು ಬೇರೆಯವರು ಒಯ್ಯುವಂತಾಯಿತು. ಗುಂಪು ಓಣಿಯ ತಿರುವು ದಾಟುವವರೆಗೆ ಅವಳು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

"ನನಗ ಆ ದಾರಿ ಒಂದ ನಡ್ಯಾಕ ಬಂದ್ರ ಸಾಕವಾ, ಬ್ಯಾರೆ ಏನೂ ಬ್ಯಾಡ," ಎಂದು ಒಂದು ದಿನ ಹೇಳಿದಳು. ಆ ಮಾತು ಕೇಳಿಯೇ ನಾನು ಅವಳನ್ನು ಮಿರಜಿಗೆ ಕರೆದುಕೊಂಡು ಹೋದದ್ದು. ಅಪ್ಪ ಬರಲಿಲ್ಲ. ಕಬ್ಬಿನ ಹಂಗಾಮು ಶುರುವಾಗಿತ್ತು, ಊರಿನ ಗಾಡಿಗಳೆಲ್ಲ ಅವನ ಅಂಗಳದಲ್ಲಿ ಗಾಲಿ ಕಳಚಿಕೊಂಡು ನಿಂತಿದ್ದವು. "ನೀ ಓದಿದಾಕಿ ಅದಿ, ನೀ ಹೋಗು," ಎಂದ.

ಡಾಕ್ಟರು ನಡುವಯಸ್ಸಿನವರು, ತಾಳ್ಮೆಯ ಮನುಷ್ಯ. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡುತ್ತಿದ್ದರು. ನಾನು ಪಿಯುಸಿ ವಿಜ್ಞಾನ ಎಂದು ತಿಳಿದ ಮೇಲೆ ಕಪಾಟಿನಿಂದ ಎರಡು ಒಣ ಎಲುಬು ತೆಗೆದು ಮೇಜಿನ ಮೇಲೆ ಒಂದರ ಮೇಲೊಂದು ನಿಲ್ಲಿಸಿ ತೋರಿಸಿದರು. ತೊಡೆಯ ಎಲುಬಿನ ಕೆಳತುದಿಯಲ್ಲಿ ಎರಡು ಗುಂಡುಗಳು. ಕೆಳಗಾಲಿನ ದಪ್ಪ ಎಲುಬಿನ ತಲೆ ಚಪ್ಪಟೆ, ಅದರ ಮೇಲೆ ಎರಡು ಆಳವಿಲ್ಲದ ತಗ್ಗು. ಗುಂಡು ತಗ್ಗಿನಲ್ಲಿ ಕೂರುತ್ತದೆ, ನಡುವೆ ಮೆತ್ತನೆಯ ಗಾದಿ. ಟೊಂಕದ ಕೀಲಿನಿಂದ ಪಾದದ ಗಂಟಾದ ಹರಡಿನವರೆಗೆ ಒಂದು ಗೆರೆ ಎಳೆದರೆ ಅದು ಮೊಣಕಾಲಿನ ನಡುವೆ ಹಾಯಬೇಕು. ಆಗ ಮೈಯ ಭಾರ ಎರಡೂ ತಗ್ಗುಗಳಿಗೆ ಹಂಚಿಹೋಗುತ್ತದೆ. ಅವ್ವನ ಎಕ್ಸ್‌ರೇ ಮೇಲೆ ಅವರು ಪೆನ್ಸಿಲಿನಿಂದ ಆ ಗೆರೆ ಎಳೆದರು. ಅದು ಮೊಣಕಾಲನ್ನು ಬಿಟ್ಟು ಒಳಬದಿಗೆ ಜಾರಿತ್ತು.

ಅಂದರೆ ಇಷ್ಟು ವರ್ಷ ಅವ್ವನ ಭಾರವನ್ನೆಲ್ಲ ಒಳಬದಿಯ ಅರ್ಧ ಮೊಣಕಾಲು ಹೊತ್ತಿತ್ತು. ಅಲ್ಲಿಯ ಗಾದಿ ಸವೆದು ಎಲುಬಿಗೆ ಎಲುಬು ತಾಗುತ್ತಿತ್ತು. ಸವೆದಷ್ಟೂ ಕಾಲು ಬಾಗುತ್ತದೆ, ಬಾಗಿದಷ್ಟೂ ಭಾರ ಅಲ್ಲೇ ಬೀಳುತ್ತದೆ, ಮತ್ತೆ ಸವೆಯುತ್ತದೆ. ಹೊರಬದಿಯ ಅರ್ಧ ಮಾತ್ರ ಹೊಸದರ ಹಾಗೆ ಇತ್ತು. ಅದಕ್ಕೆ ಕೆಲಸವೇ ಬಿದ್ದಿರಲಿಲ್ಲ. ನನಗೆ ಇದನ್ನು ಕೇಳಿ ಯಾಕೋ ಅಳು ಬಂತು. ಅವ್ವ ನನ್ನನ್ನು ನೋಡಿ, "ಎಲುಬು ನಂದು, ನೀ ಯಾಕ ಅಳ್ತಿ?" ಎಂದು ಗದರಿದಳು.

ಮೊಣಕಾಲಿನ ಕೀಲನ್ನು ಮುಟ್ಟುವುದೇ ಇಲ್ಲ ಎಂದರು ಡಾಕ್ಟರು. ಕೀಲಿನ ಸ್ವಲ್ಪ ಕೆಳಗೆ, ದಪ್ಪ ಎಲುಬಿನ ಹೊರಬದಿಯಿಂದ ಬೆಣೆಯಾಕಾರದ ಒಂದು ಚೂರು ಕೊಯ್ದು ತೆಗೆಯುತ್ತಾರೆ. ಪಕ್ಕದ ಸಣ್ಣ ಎಲುಬನ್ನೂ ಸ್ವಲ್ಪ ಕತ್ತರಿಸಬೇಕು, ಇಲ್ಲದಿದ್ದರೆ ಅದು ಅಡ್ಡ ನಿಲ್ಲುತ್ತದೆ. ಆಮೇಲೆ ಆ ಸಂದಿಯನ್ನು ಮುಚ್ಚಿ ಪ್ಲಾಸ್ಟರ್ ಹಾಕುತ್ತಾರೆ. ಎಲುಬು ಹೊಸ ದಿಕ್ಕಿನಲ್ಲಿ ಕೂಡಿಕೊಳ್ಳುತ್ತದೆ. ಕಾಲು ಒಂಚೂರು ಗಿಡ್ಡವಾಗುತ್ತದೆ, ಅದು ಲೆಕ್ಕಕ್ಕಿಲ್ಲ.

ಕೊನೆಗೆ ಅವರು ಹೇಳಿದ ಒಂದು ಮಾತನ್ನು ನಾನು ಇಂದಿಗೂ ಮರೆತಿಲ್ಲ. ಕಾಲನ್ನು ಬರೀ ನೆಟ್ಟಗೆ ಮಾಡಿದರೆ ಸಾಲದು. ನೆಟ್ಟಗಿನ ಗೆರೆಯನ್ನೂ ದಾಟಿ, ಬೇಕೆಂದೇ ಸ್ವಲ್ಪ ಆ ಕಡೆ ವಾಲಿಸಿ ಕೂಡಿಸುತ್ತಾರೆ. ಆಗ ಭಾರ ಹೊರಬದಿಯ ಒಳ್ಳೆಯ ಅರ್ಧದ ಮೇಲೆ ಬೀಳುತ್ತದೆ, ಸವೆದ ಅರ್ಧಕ್ಕೆ ವಿಶ್ರಾಂತಿ ಸಿಗುತ್ತದೆ. "ನೋಡಾಕ ಸ್ವಲ್ಪ ಸೊಟ್ಟ ಕಾಣತೈತಿ. ಮನ್ಯಾಗ ಎಲ್ಲಾರಿಗೂ ಹೇಳಿಡು ತಂಗಿ, ಹೆದರಬಾರದು," ಎಂದರು. ಹೇಳುತ್ತೇನೆ ಎಂದು ತಲೆಯಾಡಿಸಿದೆ.

ಬಲಗಾಲಿಗೆ ಮೊದಲು, ವರ್ಷ ಬಿಟ್ಟು ಎಡಗಾಲಿಗೆ ಎಂದು ಮಾತಾಯಿತು. ಆಪರೇಶನ್ ಚೆನ್ನಾಗಿ ಆಯಿತು. ಆರು ವಾರಕ್ಕೆ ಮೊದಲ ಪ್ಲಾಸ್ಟರ್ ಬಿಚ್ಚಿ, ಎಲುಬು ಹಿಡಿಯತೊಡಗಿದೆ, ಆದರೆ ಇನ್ನೂ ಹಸಿ ಇದೆ ಎಂದು ಎರಡನೆಯ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ಕಂಕುಳಿಗೆ ಕೋಲು ಕೊಟ್ಟು ನಿಲ್ಲಲು ಹೇಳಿದರು.

ಅವ್ವ ನಮ್ಮ ಅಂಗಳದಲ್ಲಿ ಎದ್ದು ನಿಂತ ದಿನ ಓಣಿಗೆ ಓಣಿಯೇ ನೋಡಲು ಬಂದಿತ್ತು. ನಿಂತಳು. ಎಡಗಾಲು ಮೊದಲಿನ ಹಾಗೆ ಹೊರಕ್ಕೆ ಬಾಗಿತ್ತು. ಬಲಗಾಲಿನ ಮೊಣಕಾಲು ಒಳಕ್ಕೆ ಬಂದಿತ್ತು. ಹೀಗಾಗಿ ಎರಡೂ ಮೊಣಕಾಲು ಒಂದೇ ಕಡೆ, ಎಡಕ್ಕೆ, ಗಾಳಿಗೆ ವಾಲಿದ ಜೋಳದ ದಂಟಿನ ಹಾಗೆ ಕಾಣುತ್ತಿದ್ದವು. ಒಬ್ಬ ಮುದುಕಿ, "ಇದ್ದಿದ್ದಾದ್ರೂ ಚೊಲೋ ಇತ್ತಲ್ಲವಾ," ಎಂದು ಬಾಯಿಬಿಟ್ಟು ಹೇಳಿಯೇಬಿಟ್ಟಳು. ಅವ್ವ ಕೋಲಿನ ಮೇಲೆ ಭಾರ ಹಾಕಿ ತನ್ನ ಕಾಲನ್ನೇ ನೋಡುತ್ತಿದ್ದಳು. ನಾನು ಅವಳಿಗೆ ಮಿರಜಿನಲ್ಲೇ ಎಲ್ಲ ಹೇಳಿದ್ದೆ. ಆದರೂ ಅವಳ ಮುಖ ಸಣ್ಣದಾಯಿತು.

ಅಪ್ಪನ ಕಣ್ಣು ಸುತ್ತಲಿನ ಹಳ್ಳಿಗಳಲ್ಲಿ ಹೆಸರಾಗಿತ್ತು. ದೂರದಿಂದ ನೋಡಿಯೇ ಬಾಗಿಲ ಚೌಕಟ್ಟು ಒಂದು ಕೂದಲಷ್ಟು ಓರೆಯಿದ್ದರೂ ಹೇಳುತ್ತಿದ್ದ. ಬೇರೆಯವರ ಮನೆಗೆ ಊಟಕ್ಕೆ ಹೋದರೂ ಅವರ ತೊಲೆಯನ್ನು ದಿಟ್ಟಿಸಿ ನೋಡಿ ಅವರಿಗೆ ಮುಜುಗರ ಮಾಡುತ್ತಿದ್ದ. ಜನ ಹೋದ ಮೇಲೆ ಒಳಗಿನಿಂದ ಗುರುತು ಹಾಕುವ ದಾರ ತಂದು ಅವ್ವನನ್ನು ಹಾಸಿಗೆಯ ಮೇಲೆ ಅಂಗಾತ ಮಲಗಿಸಿದ. ದಾರದ ಒಂದು ತುದಿ ನನ್ನ ಕೈಯಲ್ಲಿ ಕೊಟ್ಟು ಟೊಂಕದ ಹತ್ತಿರ ಹಿಡಿಯಲು ಹೇಳಿದ. ಇನ್ನೊಂದು ತುದಿಯನ್ನು ತಾನು ಹರಡಿನ ನಡುವೆ ಹಿಡಿದು ಬಿಗಿಯಾಗಿ ಎಳೆದ. ಡಾಕ್ಟರು ಪೆನ್ಸಿಲಿನಿಂದ ಎಳೆದದ್ದೂ ಇದೇ ಗೆರೆ. ದಾರ ಮೊಣಕಾಲಿನ ನಡುವನ್ನು ಬಿಟ್ಟು ಒಂದು ಬೆರಳಿನಷ್ಟು ಹೊರಬದಿಗೆ ಬಿದ್ದಿತ್ತು.

"ಒಂದ ಬೆರಳ ತಪ್ಪಿಸ್ಯಾರ," ಎಂದ ಅಪ್ಪ.

"ಬೇಕಂತನ ಹಂಗ ಮಾಡ್ಯಾರಪ್ಪಾ. ಡಾಕ್ಟರ್ ಹೇಳ್ಯಾರ," ಎಂದೆ.

"ಬಾಗಲಾ ಸೊಟ್ಟ ಕೂಡಿಸಿದ ಬಡಿಗ್ಯಾನೂ ಹಂಗ ಹೇಳ್ತಾನ, ಬೇಕಂತನ ಮಾಡೇನಿ ಅಂತ," ಎಂದು ನಕ್ಕ. ನಾನೂ ನಕ್ಕೆ.

ಅಷ್ಟೇ. ನಾನು ಅವನಿಗೆ ಹೇಳಿದ್ದು ಅಷ್ಟೇ. ಇನ್ನೂ ಹೇಳಬಹುದಿತ್ತು, ಎರಡು ತಗ್ಗು, ಎರಡು ಗುಂಡು, ಸವೆದ ಗಾದಿ, ಎಲ್ಲವನ್ನೂ ಕುಂಬಳಕಾಯಿ ಹೆಚ್ಚಿಯಾದರೂ ತೋರಿಸಬಹುದಿತ್ತು. ಕಪ್ಪೆಯ ಹೃದಯದ ಬಗ್ಗೆ ಊರಿಗೆಲ್ಲ ಪಾಠ ಹೇಳಿದವಳಿಗೆ ಆ ದಿನ ಬಾಯಿ ಬರಲಿಲ್ಲ. ಅಪ್ಪನಿಗೆ ಬೆಣೆಯ ಬಗ್ಗೆ ಕಲಿಸಲು ನನಗೆ ನಾಚಿಕೆಯಾಯಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ನಿಜ ಏನೆಂದರೆ, ದಾರ ಹಿಡಿದು ನೋಡಿದಾಗ ನನಗೂ ಆ ಕಾಲು ಸೊಟ್ಟ ಕಂಡಿತು. ಡಾಕ್ಟರ ಮಾತಿಗಿಂತ ಅಪ್ಪನ ಕಣ್ಣಿನ ಮೇಲೆ ನನಗೂ ನಂಬಿಕೆ ಹೆಚ್ಚಿತ್ತು.

ಅಪ್ಪ ಮೊದಲು ಕೊಗನೊಳ್ಳಿ ಕಡೆಯ ಒಬ್ಬ ಹಾಡವೈದ್ಯನ ಹತ್ತಿರ ಹೋದ. ನಮ್ಮ ಕಡೆ ಎಲುಬು ಕೂಡಿಸುವ ನಾಟಿ ವೈದ್ಯರನ್ನು ಹಾಗೆ ಕರೆಯುತ್ತಾರೆ. ಅವನು ಮನೆಗೆ ಬಂದು, ಪ್ಲಾಸ್ಟರಿನ ಮೇಲೆಯೇ ಕೈಯಾಡಿಸಿ, ಚಹಾ ಕುಡಿದು, "ಡಾಕ್ಟರ್ ಕೊಯ್ದ ಎಲುಬಿಗೆ ನಾ ಕೈ ಹಚ್ಚಂಗಿಲ್ಲರಿ. ಅವರು ಏನ ಲೆಕ್ಕಾ ಹಾಕ್ಯಾರೋ ಏನೋ," ಎಂದು ಎದ್ದು ಹೋದ. ಓದು ಬರದ ಆ ಮನುಷ್ಯನಿಗಿದ್ದ ಬುದ್ಧಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಪ್ಪನಿಗೆ ಮಾತ್ರ ಅವನು ಅಂಜುಬುರುಕ ಎನಿಸಿತು.

ಹಲಗೆ ಬಿಸಿಲಿಗೆ ಸೊಟ್ಟಗಾದರೆ ಬಡಿಗರು ಅದನ್ನು ಶಿಕಂಜಾದಲ್ಲಿ ಹಾಕುತ್ತಾರೆ. ಎರಡು ಬದಿ ಗಟ್ಟಿ ಕಟ್ಟಿಗೆ, ನಡುವೆ ಹಲಗೆ, ದಿನಾ ಒಂದೊಂದು ಸುತ್ತು ಬಿಗಿ. ಹಸಿ ಕಟ್ಟಿಗೆಯಾದರೆ ಹತ್ತು ಹದಿನೈದು ದಿನದಲ್ಲಿ ನೆಟ್ಟಗಾಗುತ್ತದೆ. ಎಲುಬು ಇನ್ನೂ ಹಸಿ ಇದೆ ಎಂದು ಡಾಕ್ಟರು ಹೇಳಿದ್ದನ್ನು ಅಪ್ಪನಿಗೆ ತಿಳಿಸಿದವಳು ನಾನೇ. ಅಪ್ಪ ಅದನ್ನು ಕೇಳಿ ಖುಷಿಯಾದ. "ಹಂಗಾರ ಟೈಮ್ ಐತಿ," ಎಂದ.

ಅವನು ಪ್ಲಾಸ್ಟರನ್ನು ಸಣ್ಣ ಗರಗಸದಿಂದ ಕೊಯ್ದದ್ದನ್ನು ನೋಡಬೇಕಿತ್ತು. ಅವ್ವನ ಚರ್ಮಕ್ಕೆ ಒಂದು ಗೀರೂ ಬೀಳಲಿಲ್ಲ. ಕಾಲು ಹೊರಬಂತು. ಸಣ್ಣಗಾಗಿತ್ತು, ಸಿಪ್ಪೆ ಏಳುತ್ತಿತ್ತು, ಮೊಣಕಾಲಿನ ಕೆಳಗೆ ಹೊಲಿಗೆಯ ಗುರುತು ಕೆಂಪಗಿತ್ತು. ಅಪ್ಪ ಅದನ್ನು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ತಾನೇ ಒರೆಸಿದ. ಅವನು ಅವ್ವನ ಕಾಲು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವ್ವ ನಾಚಿ, "ಮಗಳ ಮುಂದ ಏನ ಇದು," ಎಂದು ಸೀರೆ ಎಳೆದುಕೊಂಡಳು.

ಹಳೆಯ ಸಾಗವಾನಿಯ ಎರಡು ಪಟ್ಟಿಗಳನ್ನು ರಂದಾ ಹೊಡೆದು ನುಣುಪು ಮಾಡಿದ್ದ. ಒಳಗೆ ಹತ್ತಿ ಹಾಸಿ, ಮೇಲೆ ಅವ್ವನ ಹಳೆಯ ಸೀರೆಯನ್ನೇ ಸುತ್ತಿದ್ದ. ಒಂದು ಪಟ್ಟಿ ಒಳಬದಿಯಿಂದ ಮೊಣಕಾಲನ್ನು ಹೊರಕ್ಕೆ ಒತ್ತುತ್ತಿತ್ತು, ಇನ್ನೊಂದು ಹೊರಬದಿಯಿಂದ ತೊಡೆಯನ್ನೂ ಹರಡನ್ನೂ ಹಿಡಿದು ನಿಲ್ಲುತ್ತಿತ್ತು. ಹಗ್ಗದ ನಡುವೆ ಸಣ್ಣ ಕೋಲು ತೂರಿಸಿ, ದಿನಾ ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಅರ್ಧ ಸುತ್ತು ತಿರುವುತ್ತಿದ್ದ. ಅವ್ವ ಸೆರಗನ್ನು ಬಾಯಲ್ಲಿ ಕಚ್ಚುತ್ತಿದ್ದಳು. ನಾನು ಅವಳ ಭುಜ ಹಿಡಿದುಕೊಳ್ಳುತ್ತಿದ್ದೆ.

"ಬ್ಯಾಡ ಅನ್ನು ಅವ್ವಾ," ಎಂದು ಒಂದು ಸಲ ಅವಳಿಗೆ ಹೇಳಿದೆ. ಅಪ್ಪನಿಗೆ ನಾನು ಹೇಳಬೇಕಾದದ್ದನ್ನು ಅವಳ ತಲೆಗೆ ಕಟ್ಟಲು ನೋಡಿದೆ.

"ನಿಮ್ಮಪ್ಪನ ಕಣ್ಣ ತಪ್ಪಂಗಿಲ್ಲ," ಎಂದಳು. ಆಮೇಲೆ ಮೆಲ್ಲಗೆ, "ಮದುವ್ಯಾದಾಗ ನನ್ನ ಕಾಲ ಭಾಳ ನೆಟ್ಟಗ ಇದ್ದೂ. ಅವರಿಗೆ ಇನ್ನೂ ನೆನಪೈತಿ," ಎಂದಳು.

ಮೂರು ವಾರದಲ್ಲಿ ದಾರ ಮೊಣಕಾಲಿನ ನಟ್ಟನಡುವೆ ಹಾಯ್ದಿತು. ಅಪ್ಪನ ಮುಖ ನೋಡಬೇಕಿತ್ತು. ಓಣಿಯವರನ್ನೆಲ್ಲ ಮತ್ತೆ ಕರೆದು ತೋರಿಸಿದ, ಇದ್ದದ್ದೇ ಚೊಲೋ ಇತ್ತು ಎಂದ ಮುದುಕಿಯನ್ನು ಮುದ್ದಾಂ ಹೇಳಿಕಳಿಸಿ ಕರೆಸಿದ. ಎರಡು ತಿಂಗಳು ಪಟ್ಟಿ ಕಟ್ಟಿಯೇ ಇಟ್ಟ. ಮಿರಜಿಗೆ ಮತ್ತೆ ತೋರಿಸಲು ಹೋಗಬೇಕಾದ ದಿನ ಬಂತು, ಹೋಯಿತು. ನಮ್ಮಲ್ಲಿ ಯಾರೂ ಅದರ ಮಾತೆತ್ತಲಿಲ್ಲ.

ಪಟ್ಟಿ ಬಿಚ್ಚಿದಾಗ ಕಾಲು ನೆಟ್ಟಗಿತ್ತು, ಆದರೆ ಮಡಚಲು ಬರಲಿಲ್ಲ. ಒಂದು ಗೇಣಷ್ಟು ಬಾಗಿ ಅಲ್ಲೇ ತಡೆದು ನಿಲ್ಲುತ್ತಿತ್ತು. ಮೊಣಕಾಲ ಚಿಪ್ಪು ಅಂಟಿಕೊಂಡಂತೆ ಕೂತಿತ್ತು. ಎಣ್ಣೆ ಹಚ್ಚಿ ತಿಕ್ಕಿದೆವು, ಬಿಸಿನೀರು ಹಾಕಿದೆವು. ಚಕ್ಕಳಮಕ್ಕಳ ಹಾಕಿ ಕೂರುವುದು ಅವ್ವನಿಗೆ ಅಲ್ಲಿಗೆ ಮುಗಿಯಿತು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವುದೂ ಮುಗಿಯಿತು. ಅಪ್ಪ ಅವಳಿಗೆ ಒಂದು ಎತ್ತರದ ಕುರ್ಚಿ ಮಾಡಿಕೊಟ್ಟ, ಮುಂದೆ ಒಂದು ಸಣ್ಣ ಮೇಜು, ಬಲಗಾಲು ಚಾಚಲು ಒಂದು ಹಲಗೆ. ಅಷ್ಟು ಚೆಂದದ ಕೆಲಸ ಅವನು ದೊಡ್ಡವರ ಮನೆಗೂ ಮಾಡಿರಲಿಲ್ಲ. ಹೆಂಗಸರು, "ಏನ್ ಸಾಹೇಬ್ರ, ಕಚೇರಿ ಯಾವಾಗ ತೆಗೀತೀರಿ?" ಎಂದು ಚಾಷ್ಟಿ ಮಾಡುತ್ತಿದ್ದರು. ಅವ್ವ ನಗುತ್ತಿದ್ದಳು. ಮದುವೆಯ ಮನೆಗಳಲ್ಲಿ ಮಾತ್ರ ಪಂಕ್ತಿಯಲ್ಲಿ ಕೂರಲು ಆಗದೆ ಕೊನೆಗೆ ಒಲೆಯ ಹತ್ತಿರ ನಿಂತು ಉಣ್ಣುತ್ತಿದ್ದಳು.

ವರ್ಷ ತುಂಬುವುದರೊಳಗೆ ಕಾಲು ಮತ್ತೆ ಹೊರಕ್ಕೆ ಬಾಗತೊಡಗಿತು. ನೋವು ಮೊದಲಿಗಿಂತ ಹೆಚ್ಚಾಯಿತು. ಆಗ ನಾನು ಅವಳನ್ನು ಮತ್ತೆ ಮಿರಜಿಗೆ ಕರೆದುಕೊಂಡು ಹೋದೆ. ಅದೇ ಡಾಕ್ಟರು. ಹಳೆಯ ಎಕ್ಸ್‌ರೇ, ಹೊಸ ಎಕ್ಸ್‌ರೇ ಎರಡನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹಳೆಯದರಲ್ಲಿ ಅವರು ಕೊಯ್ದ ಜಾಗ ಮುಚ್ಚಿಕೊಂಡು ಎಲುಬಿನ ತಲೆ ಬೇಕಾದಷ್ಟೇ ವಾಲಿತ್ತು. ಹೊಸದರಲ್ಲಿ ಆ ಜಾಗ ಒತ್ತಿ ಬಿರಿದು, ಒಳಬದಿಗೆ ಕುಸಿದು, ಹಾಗೆಯೇ ಗಟ್ಟಿಯಾಗಿತ್ತು. ನನಗೂ ಅದು ಕಾಣುತ್ತಿತ್ತು. ಭಾರವೆಲ್ಲ ತಿರುಗಿ ಸವೆದ ಅರ್ಧದ ಮೇಲೇ ಬಂದು ಬಿದ್ದಿತ್ತು. ಹೊರಬದಿಯ ಒಳ್ಳೆಯ ಅರ್ಧ ಮತ್ತೆ ಖಾಲಿ ಕೂತಿತ್ತು.

"ಇದು ತಾನಾಗಿ ಆಗಿಲ್ಲ. ಏನ ಮಾಡಿದ್ರಿ?" ಎಂದು ಕೇಳಿದರು ಡಾಕ್ಟರು.

ನಾನು ಬಾಯಿ ತೆರೆದೆ. ಅವ್ವ ನನ್ನ ಮೊಣಕೈ ಹಿಡಿದು ಅದುಮಿದಳು. "ಬಚ್ಚಲದಾಗ ಬಿದ್ದೆರಿ ಸಾಹೇಬ್ರ," ಎಂದಳು. ಅವರು ನಂಬಲಿಲ್ಲ. ಒಂದೂ ಮಾತು ಬೈಯಲಿಲ್ಲ. ಇನ್ನೊಮ್ಮೆ ಕೊಯ್ಯುವುದು ಕಷ್ಟ, ಒಳಬದಿ ಪೂರ್ತಿ ಹೋಗಿದೆ, ಕೀಲು ಬಿಗಿದಿದೆ, ಎಡಗಾಲಿಗೂ ಈಗ ಬೇಡ ಎಂದು ಮೆಲ್ಲಗೆ ಹೇಳಿದರು. ಕೋಲು ಹಿಡಿದು ನಡೆಯಲಿ ಎಂದರು. ಹೊರಗೆ ಬಂದ ಮೇಲೆ ಅವ್ವ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ನನ್ನ ಕಡೆ ತಿರುಗಿದಳು.

"ನಿಮ್ಮಪ್ಪಗ ಇದ ತಿಳೀಬಾರದು. ನನ್ನ ಎಲುಬ ಮೆತ್ತಗ ಅದಾವ ಅಂತ ಹೇಳು. ಡಾಕ್ಟರ್ ಹಂಗ ಅಂದ್ರು ಅನ್ನು."

"ಅವ್ವಾ, ನನಗ ಮೊದಲ ಗೊತ್ತಿತ್ತು," ಎಂದೆ.

"ನೀ ಸಣ್ಣಾಕಿ. ಬಾಯಿ ಮುಚ್ಚು," ಎಂದಳು. ಅವಳು ಹಾಗೆ ಹೇಳಿದ್ದು ನನ್ನ ಮೇಲಿನ ಪ್ರೀತಿಯಿಂದ ಎಂದು ಗೊತ್ತಿತ್ತು. ಅದರಿಂದ ನನಗೆ ಒಂದಿಷ್ಟೂ ಸಮಾಧಾನವಾಗಲಿಲ್ಲ. ಬಸ್ಸಿನಲ್ಲಿ ಇಚಲಕರಂಜಿ ಬರುವವರೆಗೆ ಅತ್ತೆ, ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅಪ್ಪನಿಗೆ ಅವಳು ಹೇಳಿಕೊಟ್ಟ ಹಾಗೆಯೇ ಹೇಳಿದೆ. ಅವನು, "ಹೌದೇನು," ಎಂದ. ಕೂತು ಬಾಚಿ ಮಸೆಯತೊಡಗಿದ. ಆಮೇಲೆ ಅವನು ಆ ಕಾಲಿನ ಮಾತು ಎತ್ತಲಿಲ್ಲ. ಆದರೆ ಅವ್ವ ನಡೆಯುವ ಕಡೆಯೆಲ್ಲ ಗೋಡೆಗೆ ಹಿಡಿಕೆ ಬಂದವು. ಬಚ್ಚಲಿಗೆ, ದನದ ಕೊಟ್ಟಿಗೆಗೆ, ಹಿತ್ತಲ ಬಾಗಿಲಿಗೆ. ಯಾರೂ ಕೇಳದೆ ಒಂದೊಂದೇ ಮಾಡಿ ಬಡಿಯುತ್ತಿದ್ದ.

ನನಗೆ ಸೀಟು ಸಿಕ್ಕಿ, ತರಬೇತಿ ಮುಗಿದು, ರಾಯಬಾಗ ಕಡೆಯ ಒಂದು ಹಳ್ಳಿಯ ಶಾಲೆಗೆ ನೌಕರಿಯಾಯಿತು. ಒಂದು ದಿನ ಶಾಲೆಗೆ ಹೋಗುವ ಬಸ್ಸು ಕಬ್ಬಿನ ಗಾಡಿಗಳ ಹಿಂದೆ ಸಿಕ್ಕಿಕೊಂಡು ಆಮೆಯ ಹಾಗೆ ಸಾಗುತ್ತಿತ್ತು. ಮುಂದೆ ಒಂದು ಹಳೆಯ ಕಟ್ಟಿಗೆ ಗಾಲಿಯ ಗಾಡಿ. ಅದರ ಗಾಲಿಗಳು ನೆಟ್ಟಗಿರಲಿಲ್ಲ. ಮೇಲ್ಭಾಗ ಹೊರಕ್ಕೆ ವಾಲಿತ್ತು. ಅಪ್ಪ ಮಾಡುತ್ತಿದ್ದ ಗಾಲಿಗಳೂ ಹಾಗೆಯೇ ಇರುತ್ತಿದ್ದವು. ಅಚ್ಚಿನ ತುದಿಯನ್ನು ಬೇಕೆಂದೇ ಒಂಚೂರು ಕೆಳಕ್ಕೆ ಬಾಗಿಸಬೇಕು, ಭಾರ ಬಿದ್ದಾಗ ಗಾಲಿ ಮುರಿಯಬಾರದೆಂದರೆ ಖಾಲಿಯಿದ್ದಾಗ ಅದು ಸೊಟ್ಟ ಕಾಣಬೇಕು ಎಂದು ಅವನೇ ನನಗೆ ಸಣ್ಣವಳಿದ್ದಾಗ ತೋರಿಸಿದ್ದ. ಅವ್ವನ ಕಾಲಿಗೆ ಡಾಕ್ಟರು ಮಾಡಿದ್ದೂ ಅದೇ ಅಲ್ಲವೇ? "ಗಾಲಿ ಇದ್ದಂಗಪ್ಪಾ," ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ಅವನಿಗೆ ಉಳಿದದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅಷ್ಟು ವರ್ಷ ತಡವಾಗಿ ನನಗೆ ಆ ಮಾತು ಹೊಳೆಯಿತು. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ ಮುಂದಿನ ನಿಲ್ದಾಣದಲ್ಲೇ ಇಳಿದುಬಿಟ್ಟೆ, ಅಲ್ಲಿಂದ ಶಾಲೆಯವರೆಗೆ ನಡೆದೆ.

ಅವ್ವ ನಿಪ್ಪಾಣಿಯ ದಾರಿಯನ್ನು ಮತ್ತೆ ನಡೆಯಲೇ ಇಲ್ಲ. ತೊಂಬತ್ತರ ದಶಕ ಮುಗಿಯುವ ಮೊದಲೇ ಒಂದು ಜ್ವರದಲ್ಲಿ ಹೋದಳು. ಸುದ್ದಿ ತಿಳಿದು ನಾನು ಬರುವಷ್ಟರಲ್ಲಿ ಅಂಗಳ ತುಂಬ ಜನ. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿ ಕೂಡಿಸಿ, ಹಾಗೆಯೇ ಮಣ್ಣು ಕೊಡುತ್ತಾರೆ. ಅವ್ವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು, ಹಣೆಗೆ ವಿಭೂತಿ ಹಚ್ಚಿದ್ದರು. ಎಡಗಾಲು ಮಡಚಿತ್ತು. ಬಲಗಾಲು ಮುಂದೆ ಚಾಚಿಕೊಂಡೇ ಇತ್ತು.

ಕ್ರಿಯೆ ಮಾಡಿಸಲು ಬಂದ ಅಯ್ಯನವರು ಕೈಕಟ್ಟಿ ನಿಂತಿದ್ದರು. ಹಿರಿಯರೊಬ್ಬರು, "ಕಾಲ ಮಡಚಬೇಕಲ್ರಿ. ಸ್ವಲ್ಪ ಜೋರ ಮಾಡಿ ಒತ್ತಿದ್ರ ಬರತೈತಿ," ಎಂದು ಮುಂದೆ ಬಂದು ಒಂದು ಕೈ ಅವ್ವನ ಮೊಣಕಾಲಿನ ಮೇಲೆ, ಇನ್ನೊಂದು ಕೈ ಹರಡಿನ ಕೆಳಗೆ ಇಟ್ಟರು.

"ಕೈ ತಗೀರಿ," ಎಂದ ಅಪ್ಪ.

ಅವನು ಅಷ್ಟು ಹೊತ್ತು ಕಂಬಕ್ಕೆ ಆತು ನಿಂತಿದ್ದ. ಈಗ ಬಂದು ಅವ್ವನ ಕಾಲಿನ ಪಕ್ಕದಲ್ಲಿ ನೆಲದ ಮೇಲೆ ಕೂತ. "ಆ ಕಾಲ ಮ್ಯಾಲೆ ಒಮ್ಮೆ ಜುಲುಮಿ ಮಾಡೇನಿ ನಾ. ಡಾಕ್ಟರ್ ಬರೋಬರ್ ಕೊಯ್ದಿದ್ರು. ನಾನ ಕೆಡಿಸೇನಿ. ಮತ್ತ ಯಾರೂ ಅದನ್ನ ಒತ್ತಬ್ಯಾಡ್ರಿ," ಎಂದ.

ನಾನು ಅವನನ್ನೇ ನೋಡಿದೆ. ಅವನು ನನ್ನನ್ನು ನೋಡಲಿಲ್ಲ. ಅಯ್ಯನವರು, "ಹಂಗ ಇರ್ಲಿ. ಶಿವಾ ಕಾಲ ನೋಡಂಗಿಲ್ಲ," ಎಂದರು. ಕುಣಿ ತೋಡುವವರಿಗೆ ಹೇಳಿ ಕಳಿಸಿದರು. ಚೌಕ ಕುಣಿಯ ಒಂದು ಬದಿಯಲ್ಲಿ ಕಾಲು ಚಾಚುವಷ್ಟು ಜಾಗ ಹೆಚ್ಚಿಗೆ ತೋಡಿದರು. ಅವ್ವನನ್ನು ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಕೂಡಿಸಿದೆವು.

ಮೂರನೆಯ ದಿನ ಜನ ಕಡಿಮೆಯಾದ ಮೇಲೆ ಅಪ್ಪನನ್ನು ಕೇಳಿದೆ, ಯಾರು ಹೇಳಿದರು ಎಂದು. ನಾವು ಎರಡನೇ ಸಲ ಹೋಗಿ ಬಂದ ಸ್ವಲ್ಪ ದಿನಕ್ಕೇ ಅವನು ಒಬ್ಬನೇ ಮಿರಜಿಗೆ ಹೋಗಿ ಆ ಡಾಕ್ಟರನ್ನು ಕಂಡಿದ್ದನಂತೆ. ಎಲುಬು ಮೆತ್ತಗಿದ್ದರೆ ಯಾವ ಔಷಧ ಕೊಡಬೇಕು ಎಂದು ಕೇಳಲು ಹೋಗಿದ್ದನಂತೆ. ಅವರು ಅವ್ವನ ಎಕ್ಸ್‌ರೇಗಳನ್ನು ಹೊರತೆಗೆದು ಎಲ್ಲ ತೋರಿಸಿದರಂತೆ. ಅವ್ವ ಬಿದ್ದೆ ಎಂದು ಹೇಳಿದ್ದನ್ನೂ ಹೇಳಿದರಂತೆ.

"ನನ್ನ ಸಲುವಾಗಿ ಸುಳ್ಳ ಹೇಳ್ಯಾಳ. ಗೊತ್ತಾಗೇತಿ ಅಂದ್ರ ಅಕಿಗೆ ಇನ್ನೂ ತ್ರಾಸ ಆಗತಿತ್ತು. ಅದಕ್ಕ ಸುಮ್ಮನಿದ್ದೆ," ಎಂದ.

ಹತ್ತು ವರ್ಷದ ಮೇಲಾಗಿತ್ತು. ಮೂವರೂ ಒಂದೇ ಒಲೆಯ ರೊಟ್ಟಿ ತಿಂದಿದ್ದೆವು, ಮೂವರಿಗೂ ಗೊತ್ತಿತ್ತು. ಇನ್ನಾದರೂ ಹೇಳಬೇಕು ಎನಿಸಿ, "ಅಪ್ಪಾ, ನೀ ಪ್ಲಾಸ್ಟರ್ ಕೊಯ್ಯೂಕಿಂತ ಮೊದಲ ನನಗ ಎಲ್ಲಾ ಗೊತ್ತಿತ್ತು. ಡಾಕ್ಟರ್ ನನಗ ಎಲುಬ ಹಿಡದ ತೋರಿಸಿದ್ರು. ನಿನಗ ಹೇಳು ಅಂತನೂ ಅಂದಿದ್ರು," ಎಂದೆ.

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. "ಅದನ್ನೂ ಅವರು ಹೇಳ್ಯಾರ. ಬಿಡು. ನೀ ಹೇಳಿದ್ರೂ ನಾ ಎಲ್ಲಿ ಕೇಳತಿದ್ದೆ?" ಎಂದ.

ನನ್ನನ್ನು ಉಳಿಸಲು ಅವನು ಹಾಗೆ ಹೇಳಿದ. ಕೇಳುತ್ತಿದ್ದನೋ ಇಲ್ಲವೋ, ನಾನು ಎರಡನೇ ಸಲ ಹೇಳಿ ನೋಡಿದ್ದರೆ ತಾನೇ ಗೊತ್ತಾಗುತ್ತಿದ್ದದ್ದು.